ಅಮ್ಮನ ಪಕ್ಕದ ಜಾಗ

ಅಪ್ಪ ಎಷ್ಟು ಒಳ್ಳೆಯವರಾಗಿದ್ದರು ಎಂದು ಕೇಳಿ ಕೇಳಿ ನನಗೆ ಸಾಕಾಗಿದೆ. ಹಲಸೂರಿನ ಮಾರ್ಕೆಟ್ಟಿಗೆ ಸೊಪ್ಪು ತರಲು ಹೋದರೂ ಯಾರಾದರೊಬ್ಬರು ಅಡ್ಡಗಟ್ಟಿ, “ನಿಮ್ಮಪ್ಪ ದೇವರಂಥ ಮನುಷ್ಯ ಕಣಮ್ಮ” ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ದೇವರಂಥ ಮನುಷ್ಯನ ಜೊತೆ ಒಂದೇ ಬಚ್ಚಲು, ಒಂದೇ ಅಡುಗೆಮನೆ ಹಂಚಿಕೊಂಡು ಬದುಕುವುದು ಎಂಥ ದಣಿವಿನ ಕೆಲಸ ಎಂದು ಅವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಹೇಳುವ ತ್ರಾಣವೂ ಈಗ ಇಲ್ಲ. ಸೊಪ್ಪು ಕೊಂಡು ಮನೆಗೆ ಬರುತ್ತೇನೆ.

ಅಪ್ಪ ಅಗ್ನಿಶಾಮಕ ದಳದಲ್ಲಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಬೆಂಕಿಯ ಹಿಂದೆ ಓಡಿ, ತೊಂಬತ್ತರ ದಶಕದ ಮೊದಲಲ್ಲಿ ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತರಾದರು. ಜೋಗುಪಾಳ್ಯದ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಮನೆ ನಮ್ಮದು. ಅಣ್ಣ ಮದುವೆಯಾಗಿ ಕೆ.ಆರ್. ಪುರಂ ಕಡೆ ಸಂಸಾರ ಹೂಡಿದ್ದ. ಪ್ರತಿ ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು, ಮಟನ್ ಕಟ್ಟಿಸಿಕೊಂಡು, ಅಪ್ಪ ಬಸ್ಸು ಹತ್ತಿ ಮೊಮ್ಮಕ್ಕಳನ್ನು ನೋಡಲು ಹೋಗುತ್ತಿದ್ದರು. ನಾನು ಇಂದಿರಾನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮದುವೆ ಕೂಡಿಬರಲಿಲ್ಲ, ಆ ಕಥೆ ಇಲ್ಲಿ ಬೇಡ.

ಅಮ್ಮನಿಗೆ ಒಬ್ಬಳೇ ಇರುವುದೆಂದರೆ ಜೀವ ಹೋದಷ್ಟು ಭಯ. ಅಂಥವಳು ಫೈರ್‌ಮನ್ನನ್ನು ಕಟ್ಟಿಕೊಂಡಳು. ಅಪ್ಪನಿಗೆ ರಾತ್ರಿ ಪಾಳಿ ಬಿದ್ದಾಗಲೆಲ್ಲ ನನ್ನನ್ನೂ ಅಣ್ಣನನ್ನೂ ಎರಡು ಮಗ್ಗುಲಿಗೆ ಎಳೆದುಕೊಂಡು, ಕೈಯಲ್ಲಿ ಜಪಸರ ಹಿಡಿದು, ದೀಪ ಆರಿಸದೆ ಮಲಗುತ್ತಿದ್ದಳು. ಭಯದ ಜೊತೆಗೆ ಸಂಕೋಚವೂ ಹೇರಳವಾಗಿತ್ತು. ಗ್ಯಾಸಿನವನು ಸಿಲಿಂಡರ್ ಹೊತ್ತು ಬಂದರೆ ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಬಾಗಿಲ ಹಿಂದೆ ನಿಂತು, ಸಂದಿಯಿಂದ ಚೀಟಿ ಚಾಚುತ್ತಿದ್ದಳು. ಡಾಕ್ಟರಿಗೆ ನಾಲಗೆ ತೋರಿಸುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳು.

ಅಪ್ಪ ನಿವೃತ್ತರಾಗಿ ಇನ್ನು ಮನೆಯಲ್ಲೇ ಇರುತ್ತಾರೆ ಎನ್ನುವಷ್ಟರಲ್ಲಿ ಅಮ್ಮ ಮಲಗಿದಳು. ಹೊಟ್ಟೆಯಲ್ಲಿ ಗಡ್ಡೆ. ಆ ಒಂದು ವರ್ಷ ಅಪ್ಪ ಮಾಡಿದ ಸೇವೆಯನ್ನು ಕಣ್ಣಾರೆ ಕಂಡವಳು ನಾನು, ಸುಳ್ಳು ಹೇಳಲಾರೆ. ಬೆಳಗ್ಗೆ ಎದ್ದು ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದರು. ನನಗಿಂತ ನೀಟಾಗಿ ಹಾಕುತ್ತಿದ್ದರು. ಗಂಜಿ ಕುಡಿಸಿ, ಬಾಯಿ ಒರೆಸಿ, ಅವಳು ಉಡದ ಸೀರೆಗಳನ್ನೂ ಇಸ್ತ್ರಿ ಮಾಡಿ ಮಡಿಸಿಡುತ್ತಿದ್ದರು. ಕೊನೆಯ ವಾರ ಅಮ್ಮ ಒಂದು ಮಧ್ಯಾಹ್ನ ಅಪ್ಪನ ಕೈ ಹಿಡಿದು ಹೇಳಿದಳು. “ಡ್ಯೂಟಿ ಡ್ಯೂಟಿ ಅಂತ ಜೀವಮಾನ ಪೂರ್ತಿ ನನ್ನ ಒಬ್ಳನ್ನೇ ಮಲಗಿಸಿದ್ರಿ. ಅಲ್ಲಾದ್ರೂ ನನ್ನ ಪಕ್ಕಕ್ಕೆ ಬಂದ್ಬಿಡಿ.”

“ಬರ್ತೀನಿ ಕಣೇ” ಎಂದರು ಅಪ್ಪ. ನಾನು ಗಂಜಿಯ ಲೋಟ ಹಿಡಿದು ಅಲ್ಲೇ ನಿಂತಿದ್ದೆ.

ನಮ್ಮ ಸ್ಮಶಾನದ ಕಟ್ಟಳೆ ಎಲ್ಲರಿಗೂ ಗೊತ್ತಿರುವುದಿಲ್ಲ, ಅದಕ್ಕೇ ಹೇಳುತ್ತೇನೆ. ಕಂಟೋನ್ಮೆಂಟಿನ ಆ ಹಳೆಯ ಸ್ಮಶಾನದಲ್ಲಿ ಹೊಸ ಜಾಗ ಎಂದೋ ಮುಗಿದಿತ್ತು. ಸ್ವಂತ ಸಮಾಧಿಯಿರುವ ಮನೆಯವರು ಅದೇ ಗುಂಡಿಯನ್ನು ಮತ್ತೆ ತೆರೆಸುತ್ತಾರೆ. ಹಿಂದಿನವರ ಮೂಳೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಳದ ಒಂದು ಮೂಲೆಯಲ್ಲಿಟ್ಟು, ಹೊಸಬರನ್ನು ಅಲ್ಲೇ ಮಲಗಿಸುತ್ತಾರೆ. ಆದರೆ ಒಮ್ಮೆ ಮುಚ್ಚಿದ ಗುಂಡಿಯನ್ನು ಏಳು ವರ್ಷ ಮುಟ್ಟುವಂತಿಲ್ಲ. ಅಷ್ಟರೊಳಗೆ ಆ ಮನೆಯಲ್ಲಿ ಇನ್ನೊಂದು ಸಾವಾದರೆ ಊರಾಚೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿಗೆ ಒಯ್ಯಬೇಕು. ಸ್ಮಶಾನದವರಿಗೆ ನೀನು ಯಾರ ಗಂಡ, ಯಾರ ಹೆಂಡತಿ ಎನ್ನುವುದೆಲ್ಲ ಲೆಕ್ಕಕ್ಕಿಲ್ಲ.

ಅಮ್ಮ ಹೋದ ಮೇಲೆ ಅಪ್ಪ ಚರ್ಚಿನ ಸಂಘವೊಂದಕ್ಕೆ ಸೇರಿಕೊಂಡರು. ಬಡವರ ಮನೆಗಳಿಗೆ ಹೋಗಿಬರುವ ಸಂಘ. ಇಬ್ಬಿಬ್ಬರಾಗಿ ಹೋಗಬೇಕು, ಬರಿಗೈಯಲ್ಲಿ ಹೋಗಬಾರದು, ಕೊಟ್ಟದ್ದನ್ನು ಹೇಳಿಕೊಳ್ಳಬಾರದು ಎನ್ನುವುದು ಅವರ ನಿಯಮ. ಅಪ್ಪನ ಜೋಡಿ ಸಂಘದ ಕಾರ್ಯದರ್ಶಿ. ಅವರೂ ನಿವೃತ್ತರು, ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕರಿ ಛತ್ರಿ. ಸ್ಮಶಾನದ ರಿಜಿಸ್ಟರ್ ನೋಡಿಕೊಳ್ಳುವ ಕೆಲಸವೂ ಅವರದೇ. ಗುರುವಾರ ಮಧ್ಯಾಹ್ನ ಊಟವಾದ ಕೂಡಲೇ ಇಬ್ಬರೂ ಹೊರಟರೆ ಜೋಗುಪಾಳ್ಯದ ಗಲ್ಲಿಗಳು, ಹಲಸೂರಿನ ಹಿಂಭಾಗ, ಅಲ್ಲಿಂದ ಬಸ್ಸು ಹಿಡಿದು ಕಗ್ಗದಾಸಪುರದ ಆಚೆಗಿನ ಶೀಟಿನ ಮನೆಗಳವರೆಗೆ ಹೋಗುತ್ತಿದ್ದರು.

ಯಾರ ಮನೆಗೆ ಹೋದರೂ ಅಪ್ಪ ಮೊದಲು ನುಗ್ಗುತ್ತಿದ್ದದ್ದು ಅಡುಗೆ ಮೂಲೆಗೆ. ಸೀಮೆಎಣ್ಣೆ ಸ್ಟೌವನ್ನು ಮೂಸಿ, ಬತ್ತಿ ನೋಡಿ, ಅದರ ಮೇಲೆ ಒಣಹಾಕಿದ ಲಂಗವನ್ನೋ ಟವಲನ್ನೋ ಆಚೆ ಎಸೆದು, ಆಮೇಲೆ “ಹೇಗಿದ್ದೀರಮ್ಮಾ” ಎನ್ನುತ್ತಿದ್ದರು. ಒಂದಿಬ್ಬರು ಹೆಂಗಸರು ಇವರನ್ನು ಸೊಸೈಟಿ ಅಂಗಡಿಯ ಇನ್‌ಸ್ಪೆಕ್ಟರ್ ಎಂದುಕೊಂಡು ಎಣ್ಣೆ ಡಬ್ಬ ಬಚ್ಚಿಟ್ಟಿದ್ದರಂತೆ.

ಕೊಡುವುದರಲ್ಲಿ ಅಪ್ಪನ ಕೈ ದೊಡ್ಡದು, ತಮ್ಮ ಹತ್ತಿರ ಇದ್ದದ್ದು ಸ್ವಲ್ಪ. ತಮ್ಮದು ಮುಗಿದ ಮೇಲೆ ನಮ್ಮದಕ್ಕೆ ಕೈ ಹಾಕುತ್ತಿದ್ದರು. ಹೊದಿಕೆ ಹೋಯಿತು, ಹೊಸ ಚಪ್ಪಲಿ ಹೋಯಿತು, ಚಿಕ್ಕ ಕುಕ್ಕರ್ ಹೋಯಿತು. ಒಂದು ಜೂನ್ ತಿಂಗಳಲ್ಲಿ ನನ್ನ ರೇನ್‌ಕೋಟು ಕಾಣೆಯಾಯಿತು. ಮೂರು ದಿನದ ಮೇಲೆ ಅದನ್ನು ತೊಟ್ಟ ಹೆಂಗಸೊಬ್ಬಳು ನೂರಡಿ ರಸ್ತೆ ದಾಟುವುದನ್ನು ನಾನು ಬಸ್ ಸ್ಟಾಪಿನಲ್ಲಿ ನೆನೆಯುತ್ತಾ ನಿಂತು ನೋಡಿದೆ. ಮನೆಗೆ ಬಂದು ಕೇಳಿದರೆ, “ಅವಳಿಗೆ ಕೂಸಿದೆ ಕಣಮ್ಮ. ನಿನಗೆ ಬಸ್ಸಿದೆಯಲ್ಲ” ಎಂದರು. ತಲೆ ಒರೆಸಿಕೊಂಡು ಅನ್ನಕ್ಕಿಟ್ಟೆ. ಜಗಳಕ್ಕೆ ಬರುವವರ ಜೊತೆ ಜಗಳವಾಡಬಹುದು. ಒಳ್ಳೆಯತನದ ಎದುರು ಗೊಣಗಬಹುದು, ಅಷ್ಟೆ. ನಾನು ಗೊಣಗಿದೆ, ಪಾತ್ರೆ ಕುಕ್ಕಿದೆ, ಉಸಿರುಬಿಟ್ಟೆ.

ಅಮ್ಮನ ಏಳು ವರ್ಷ ಒಂದು ಆಗಸ್ಟಿನಲ್ಲಿ ತುಂಬಿತು. ಅವತ್ತು ಅಪ್ಪ ಪೂಜೆ ಹೇಳಿಸಿ ಬಂದು, ಪ್ರಮೋಷನ್ ಸಿಕ್ಕವರ ಹಾಗೆ ಗೆಲುವಾಗಿ, “ಇನ್ನೇನಮ್ಮ, ಯಾವಾಗ ಬೇಕಾದ್ರೂ ಹೋಗ್ಬಹುದು” ಎಂದರು. “ಬೆಳಬೆಳಗ್ಗೆ ಇದೇನು ಮಾತು” ಎಂದು ಬೈದೆ.

ಆ ವರ್ಷವೇ ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು. ಎರಡನೇ ತಾರೀಖು ನಮ್ಮವರೆಲ್ಲ ಸಮಾಧಿಗಳಿಗೆ ಹೋಗಿ, ಹುಲ್ಲು ಕಿತ್ತು, ಕಲ್ಲು ತೊಳೆದು, ಹೂವಿಟ್ಟು ಮೊಂಬತ್ತಿ ಹಚ್ಚುವ ಪದ್ಧತಿ. ಸಂಜೆ ಹೊತ್ತಿಗೆ ಸ್ಮಶಾನದ ತುಂಬ ಮೊಂಬತ್ತಿ. ಅಪ್ಪ ಮಾತ್ರ ಒಂದು ಬಕೆಟ್ಟಿನಲ್ಲಿ ಮರಳು ಹಿಡಿದು, ಒಣ ಹೂವಿಗೆ ಎಲ್ಲಿ ಬೆಂಕಿ ತಗಲೀತೋ ಎಂದು ಸಾಲು ಸಾಲು ಸುತ್ತುತ್ತಿದ್ದರು. ಪ್ರತಿ ವರ್ಷ ಅಮ್ಮನ ಸಮಾಧಿಯನ್ನು ಹಿಂದಿನ ದಿನವೇ ಹೋಗಿ ತೊಳೆದು ಬರುವವರೂ ಅವರೇ. ಆ ವರ್ಷ, “ನಾನೇ ಹಚ್ಚಿ ಬರ್ತೀನಿ, ನೀನು ಬರೋದು ಬೇಡ, ಸುಸ್ತಾಗಿರ್ತೀಯ” ಎಂದು ಎರಡು ಮೂರು ಸಲ ಹೇಳಿದರು. ನನಗೆ ಸುಸ್ತಾಗಿದೆ ಎಂದು ಅಪ್ಪನಿಗೆ ಹೊಳೆದದ್ದೇ ಆಶ್ಚರ್ಯ. ಅದಕ್ಕೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಶಾಲೆಯಿಂದ ಸ್ವಲ್ಪ ಬೇಗ ಬಿಟ್ಟು, ಶಿವಾಜಿನಗರದಲ್ಲಿ ಸೇವಂತಿಗೆ ಕೊಂಡು, ನೆಟ್ಟಗೆ ಸ್ಮಶಾನಕ್ಕೆ ಹೋದೆ.

ಅಮ್ಮನ ಸಮಾಧಿಯ ಮೇಲೆ ಹಸಿ ಮಣ್ಣು ಗುಪ್ಪೆಯಾಗಿತ್ತು. ಅಮ್ಮನ ಹೆಸರಿನ ಕಲ್ಲನ್ನು ಕಿತ್ತು ಪಕ್ಕಕ್ಕೆ ಒರಗಿಸಿದ್ದರು. ಮಣ್ಣಿನ ಪಕ್ಕದಲ್ಲಿ, ನಾನು ಎಂದೂ ನೋಡದ ಹೆಂಗಸೊಬ್ಬಳು ಕಾಲು ಚಾಚಿ ಕೂತು ಮೊಂಬತ್ತಿ ಹಚ್ಚುತ್ತಿದ್ದಳು. ಸಾಲು ತಪ್ಪಿ ಬಂದೆನೋ ಎಂದು ಹಿಂದಕ್ಕೆ ಹೋಗಿ ಮತ್ತೆ ಎಣಿಸಿಕೊಂಡು ಬಂದೆ. ಅದೇ ಜಾಗ.

“ಯಾರದು ಇದು?” ಎಂದೆ.

“ನಮ್ಮೆಜಮಾನ್ರದು ಅಕ್ಕಾ” ಎಂದಳು. ತಮಿಳು ಬೆರೆತ ಕನ್ನಡ. “ಹೋದ ತಿಂಗಳು ಪೋಯ್ಟಾರು. ಜಾಗಾನೇ ಸಿಗ್ಲಿಲ್ಲ ಅಕ್ಕಾ. ಫೈರ್ ತಾತ ಇದಾರಲ್ಲ, ಅವರು ಕೊಟ್ರು. ಮಹರಾಜ, ನಲ್ಲಾ ಇರ್ಲಿ.”

ಅವಳ ಯಜಮಾನ ಯಾರೆಂದು ಕೇಳಿ ತಿಳಿದೆ. ಅವನು ನನಗೆ ಗೊತ್ತಿದ್ದವನೇ. ಕಗ್ಗದಾಸಪುರದ ಕಡೆಯವನು, ಮನೆಗಳಿಗೆ ಸುಣ್ಣ ಬಳಿಯುವವನು. ಸಂಘದವರು ಕೊಟ್ಟ ಹೊದಿಕೆಯನ್ನು ಎರಡು ಸಲ ಮಾರಿ ಕುಡಿದವನು. ಮೂರನೆಯದು ಕೊಡಿ ಎಂದು ನಮ್ಮ ಬಾಗಿಲಿಗೇ ಬಂದು, ಗಲ್ಲಿಯೆಲ್ಲ ಕೇಳುವ ಹಾಗೆ ನನ್ನ ಹುಟ್ಟನ್ನು ಎತ್ತಿ ಬೈದವನು. ನಾನು ಸೇವಂತಿಗೆಯನ್ನು ಎಲ್ಲಿಡಲಿ ಎಂದು ತಿಳಿಯದೆ ಸ್ವಲ್ಪ ಹೊತ್ತು ನಿಂತೆ. ಕೊನೆಗೆ ಒರಗಿಸಿದ್ದ ಕಲ್ಲಿನ ಬುಡದಲ್ಲಿಟ್ಟು ಬಂದೆ.

ಸ್ಮಶಾನದ ಆ ತುದಿಯಲ್ಲಿ ಅಪ್ಪ ಮರಳಿನ ಬಕೆಟ್ ಹಿಡಿದು ನಿಂತಿದ್ದರು. ನನ್ನನ್ನು ನೋಡಿದರು. ಬಳಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ತಾವಾಗಿಯೇ ಹೇಳಿದರು. “ಮೂರು ದಿನ ಆಗಿತ್ತು ಕಣಮ್ಮ, ಆಸ್ಪತ್ರೆ ಶವಾಗಾರದಲ್ಲಿ ಹಾಗೇ ಇತ್ತು. ಹೆಂಡ್ತಿ ಎರಡು ಮಕ್ಕಳನ್ನ ಕಟ್ಕೊಂಡು ಗೇಟಲ್ಲಿ ಕೂತಿದ್ಲು. ಎಲ್ಲಿ ಕೇಳಿದ್ರೂ ಜಾಗ ಇಲ್ಲ. ರಿಜಿಸ್ಟರ್ ನೋಡಿದ್ರೆ, ಏಳು ವರ್ಷ ತುಂಬಿ ಕೇಳೋ ಹಾಗಿದ್ದದ್ದು ನಮ್ದೊಂದೇ. ನಿನಗೆ ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ.”

ನನಗೆ ಕೂಗಾಡುವ ಅಭ್ಯಾಸವಿಲ್ಲ. ಅವತ್ತೂ ಕೂಗಲಿಲ್ಲ. “ಅಮ್ಮ ಗ್ಯಾಸಿನವನ ಮುಂದೆ ನಿಲ್ತಾ ಇರ್ಲಿಲ್ಲ” ಎಂದೆ. “ಡಾಕ್ಟರ್ ಮುಟ್ಟಿದ್ರೆ ಮೂರು ದಿನ ಮಾತಾಡ್ತಿರ್ಲಿಲ್ಲ. ಅವಳ ಜಾಗದಲ್ಲಿ ಒಬ್ಬ ಗಂಡಸನ್ನ, ಅದೂ ಆ ಕುಡುಕನ್ನ, ಮಲಗಿಸಿ ಬಂದಿದ್ದೀರಲ್ಲಪ್ಪಾ.”

ಅಪ್ಪನ ಮುಖ ನೋಡಬೇಕಿತ್ತು. ಈ ಒಂದು ವಿಷಯ ಅವರ ತಲೆಗೆ ಬಂದೇ ಇರಲಿಲ್ಲ. ಹೆಣ ಕಾಯುತ್ತಿತ್ತು, ಜಾಗವಿತ್ತು, ಕೊಟ್ಟರು. ಆ ಜಾಗದಲ್ಲಿ ತಮ್ಮ ಹೆಂಡತಿ ಇದ್ದಾಳೆ, ಅವಳಿಗೆ ನಾಚಿಕೆಯಾಗುತ್ತದೆ ಎಂದು ಹೊಳೆದಿರಲಿಲ್ಲ. ಹಿಡಿದಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. “ಅಯ್ಯೋ” ಎಂದರು, ಬಹಳ ಸಣ್ಣ ದನಿಯಲ್ಲಿ. ಆಮೇಲೆ, “ಅವಳ ಮೂಳೆ ನಾನೇ ಬಟ್ಟೆಯಲ್ಲಿ ಕಟ್ಟಿದೆ. ಭದ್ರವಾಗಿ ಕಟ್ಟಿದೀನಿ” ಎಂದರು. ಅದನ್ನು ಕೇಳಿ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರನೆಯ ದಿನ ಅಪ್ಪ ಪಾಪನಿವೇದನೆಗೆ ಹೋದರು. ಬಂದವರು ಹೊಸ್ತಿಲಲ್ಲೇ ನಿಂತು, “ಫಾದರ್ ನಕ್ಬಿಟ್ರು ಕಣಮ್ಮ. ಇದು ಪಾಪಾನೇ ಅಲ್ಲ, ಪುಣ್ಯ ಅಂದ್ರು” ಎಂದರು. ನಕ್ಕದ್ದು ಅವರಿಗೆ ಹಿಡಿಸಿರಲಿಲ್ಲ. ಫಾದರಿಗೇನು, ಅವರಿಗೆ ಹೆಂಡತಿಯಿದ್ದಾಳೆಯೇ? ಒಂದು ವಾರ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಎಂಟನೆಯ ದಿನ ಅಮ್ಮನ ಫೋಟೋದ ಮುಂದೆ ನನ್ನನ್ನು ಕರೆದು ನಿಲ್ಲಿಸಿಕೊಂಡು ಹೇಳಿದರು. “ಇನ್ಮೇಲೆ ಆ ಜಾಗದ ವಿಷಯ ನಿನ್ನದು. ನಿನ್ನ ಕೇಳದೆ ಏನೂ ಮಾಡಲ್ಲ. ಏಳು ವರ್ಷ ತಾನೆ? ನಾನು ಇರ್ತೀನಿ.”

ಆಗ ಅವರಿಗೆ ಅರವತ್ತೈದು ದಾಟಿತ್ತು. ಎದೆಯಲ್ಲಿ ಮೂವತ್ತು ವರ್ಷದ ಹೊಗೆ ಕೂತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲ ಬಂದರೆ ಗೊರಗೊರ ಸದ್ದು. ಅಂಥ ಮನುಷ್ಯ ಏಳು ವರ್ಷ ಬದುಕಲು ಹಟ ಹಿಡಿದರು. ಒಂದು ಮಾತ್ರೆಯನ್ನೂ ನುಂಗದವರು ಮಾತ್ರೆಗಳನ್ನು ಡಬ್ಬಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ವಿಂಗಡಿಸಿಟ್ಟರು. ಬೀಡಿ ಬಿಟ್ಟರು. ಮುಂಜಾನೆ ಮಫ್ಲರ್ ಸುತ್ತಿಕೊಂಡು ಹಲಸೂರು ಕೆರೆಯ ದಂಡೆಯಲ್ಲಿ ನಡೆದರು. ಯಾರೋ ಹೇಳಿದರೆಂದು ಬೆಳ್ಳುಳ್ಳಿಯನ್ನು ಹಾಲಿನಲ್ಲಿ ಬೇಯಿಸಿ ಕುಡಿದು ಮನೆಯೆಲ್ಲ ನಾತ ಎಬ್ಬಿಸಿದರು. ಅಕ್ಕಪಕ್ಕದವರು, “ಪಾಪ, ಮುದುಕರಿಗೆ ಸಾವು ಅಂದ್ರೆ ಭಯ” ಎಂದು ಆಡಿಕೊಂಡರು. ನಾನು ಯಾರಿಗೂ ತಿದ್ದಿ ಹೇಳಲಿಲ್ಲ. ಹೆಂಡತಿಯ ಪಕ್ಕದಲ್ಲಿ ಹೂಳಿಸಿಕೊಳ್ಳುವುದಕ್ಕೋಸ್ಕರ ಒಬ್ಬರು ಬೆಳ್ಳುಳ್ಳಿ ಹಾಲು ಕುಡಿಯುತ್ತಿದ್ದಾರೆ ಎಂದರೆ ನಂಬುವವರು ಯಾರು?

ಸಂಘ ಮಾತ್ರ ಬಿಡಲಿಲ್ಲ. ಗುರುವಾರದ ಸುತ್ತಾಟ ನಿಲ್ಲಲಿಲ್ಲ. ಸುಣ್ಣದವನ ಹೆಂಡತಿಯ ಮನೆಗೂ ಹೋಗುತ್ತಿದ್ದರು, ಅವಳ ಮಕ್ಕಳಿಗೆ ನನ್ನ ಶಾಲೆಯ ಹಳೆಯ ಪುಸ್ತಕ ಕೇಳಿ ತರಿಸಿದರು. ನಾನು ತಂದುಕೊಟ್ಟೆ. ಕೊಡದೆ ಇರುವುದಕ್ಕೂ ಒಂದು ಶಕ್ತಿ ಬೇಕಲ್ಲ.

ನಾಲ್ಕನೆಯ ವರ್ಷದಿಂದ ಅಪ್ಪ ಇಳಿಮುಖವಾದರು. ಸುತ್ತಾಟ ಜೋಗುಪಾಳ್ಯಕ್ಕೆ, ಆಮೇಲೆ ನಮ್ಮ ಗಲ್ಲಿಗೆ, ಕೊನೆಗೆ ಮಂಚಕ್ಕೆ ಬಂದು ನಿಂತಿತು. ಭಾನುವಾರ ಅಣ್ಣನೇ ಮಕ್ಕಳನ್ನು ಕರೆದುಕೊಂಡು ಬರತೊಡಗಿದ. ಅವನು ಒಂದು ಗಂಟೆ ಕೂತು, ಅಪ್ಪನ ಕಾಲೊತ್ತಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದ. ಉಳಿದ ಗಂಟೆಗಳೆಲ್ಲ ನನ್ನವು. ಬೆಳಗ್ಗೆ ಎದ್ದು ಆವಿ ಹಿಡಿಸಬೇಕು, ಬೆನ್ನು ತಟ್ಟಬೇಕು, ಕಫದ ಬಟ್ಟಲು ತೊಳೆಯಬೇಕು, ಸ್ನಾನ ಮಾಡಿಸಬೇಕು. ಗಂಜಿ ಮಾಡಿಟ್ಟು ಶಾಲೆಗೆ ಓಡಬೇಕು, ಮಧ್ಯಾಹ್ನ ಪರ್ಮಿಷನ್ ಕೇಳಿ ಬಂದು ನೋಡಿ ಹೋಗಬೇಕು. ಆಫೀಸಿನಲ್ಲಿ ಕೂತಲ್ಲೇ ತೂಕಡಿಸಿ ಹೆಡ್ ಮಿಸ್ಸಿನ ಕೈಗೆ ಸಿಕ್ಕಿಬಿದ್ದಿದ್ದೇನೆ. ಇದರ ನಡುವೆ ಅಪ್ಪನನ್ನು ನೋಡಲು ಬರುವವರು ಬೇರೆ. ಅಪ್ಪನಿಂದ ಉಪಕಾರ ಪಡೆದವರೆಲ್ಲ ಬರುತ್ತಿದ್ದರು, ಬಂದವರಿಗೆಲ್ಲ ಕಾಫಿ ಕೊಡಬೇಕಿತ್ತು. ಬಂದವರು, “ಎಂಥಾ ಪುಣ್ಯವಂತೆ ನೀನು, ಇಂಥ ತಂದೆಯ ಸೇವೆ ಸಿಕ್ಕಿದೆ” ಎನ್ನುತ್ತಿದ್ದರು. ಪುಣ್ಯ ಬೇಕಾದರೆ ಒಂದು ವಾರ ನೀವೇ ಇಟ್ಟುಕೊಳ್ಳಿ ಎಂದು ಬಾಯಿ ತುದಿಗೆ ಬರುತ್ತಿತ್ತು.

ಹೇಳಬಾರದ್ದನ್ನೂ ಹೇಳಿಬಿಡುತ್ತೇನೆ. ಇದು ಮುಗಿದರೆ ಸಾಕು ಎಂದು ಎಷ್ಟೋ ಸಲ ಅನಿಸಿದೆ. ಅನಿಸಿದ ಮರುಕ್ಷಣವೇ, ಇನ್ನೂ ಎರಡು ವರ್ಷವಿದೆ, ಈಗ ಮುಗಿದರೆ ಅಮ್ಮ ಆ ಕುಡುಕನ ಜೊತೆಯಲ್ಲೇ ಉಳಿಯುತ್ತಾಳೆ ಎಂದು ನೆನಪಾಗುತ್ತಿತ್ತು. ಎದ್ದು ಮತ್ತೆ ನೀರು ಕಾಯಿಸುತ್ತಿದ್ದೆ. ಕೊನೆಕೊನೆಗೆ ಅಪ್ಪನನ್ನು ನಾನು ಪ್ರೀತಿಯಿಂದ ಉಳಿಸಿಕೊಳ್ಳುತ್ತಿದ್ದೇನೋ, ಕ್ಯಾಲೆಂಡರಿಗೋಸ್ಕರ ಉಳಿಸಿಕೊಳ್ಳುತ್ತಿದ್ದೇನೋ ನನಗೇ ತಿಳಿಯದಾಗಿತ್ತು. ಡಾಕ್ಟರು, “ಈ ಎದೆ ಇಟ್ಕೊಂಡು ಇವರು ಹೇಗೆ ಇದ್ದಾರೋ” ಎಂದು ಬೆರಗಾಗುತ್ತಿದ್ದರು. ಹೇಗೆಂದು ನನಗೆ ಗೊತ್ತಿತ್ತು. ದಿನವೂ ಸಂಜೆ ಜಪಸರ ಮುಗಿದ ಮೇಲೆ ಅಪ್ಪ ತುಟಿಯಲ್ಲೇ ಇನ್ನೊಂದು ಪ್ರಾರ್ಥನೆ ಸೇರಿಸುತ್ತಿದ್ದರು. ವಾಸಿ ಮಾಡು ಎಂದಲ್ಲ. ಅಕ್ಟೋಬರ್ ದಾಟಿಸು ಎಂದು.

ದೇವರು ದಾಟಿಸಿದ. ಏಳು ವರ್ಷ ತುಂಬಿದ ಬೆಳಗ್ಗೆ ಅಪ್ಪ ಚರ್ಚಿನ ಕ್ಯಾಲೆಂಡರನ್ನು ಗೋಡೆಯಿಂದ ತೆಗೆಸಿ, ಕೈಯಲ್ಲಿ ಹಿಡಿದು, ತಾರೀಖಿನ ಮೇಲೆ ಬೆರಳಿಟ್ಟು ನೋಡಿದರು. ಮೂಗಿಗೆ ಆಗಲೇ ಆಕ್ಸಿಜನ್ ನಳಿಗೆ ಬಂದಿತ್ತು. “ಆಯ್ತಲ್ಲಮ್ಮ” ಎಂದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ.

ಅಲ್ಲಿಂದ ಐದು ವಾರಕ್ಕೆ ಅಪ್ಪ ತೀರಿಕೊಂಡರು. ಫಾದರ್ ಬಂದು ಕೊನೆಗಾಲದ ಎಣ್ಣೆ ಹಚ್ಚಿ, ಪ್ರಸಾದ ಕೊಟ್ಟು ಹೋಗಿದ್ದರು. ಮಾತು ಕೊಟ್ಟ ಹಾಗೆ ಅಮ್ಮನ ಗುಂಡಿಯಲ್ಲೇ ಅವರನ್ನು ಮಲಗಿಸಿದೆವು. ಅಮ್ಮನ ಗಂಟು ಭದ್ರವಾಗಿಯೇ ಇತ್ತು. ಸುಣ್ಣದವನದನ್ನು ಇನ್ನೊಂದು ಬಟ್ಟೆಯಲ್ಲಿ ಕಟ್ಟಿ ಆಚೆ ಮೂಲೆಗೆ ಇಡಿಸಿದೆ. ಚರ್ಚು ತುಂಬಿ ಜನ ಹೊರಗೆ ನಿಂತಿದ್ದರು. ಹಳೆಯ ಫೈರ್ ಠಾಣೆಯವರು ಯೂನಿಫಾರ್ಮಿನಲ್ಲಿ ಬಂದು ಪೆಟ್ಟಿಗೆ ಹೊತ್ತರು. ಫಾದರ್ ಪ್ರಸಂಗದಲ್ಲಿ, “ಬಾಗಿಲಿಗೆ ಬಂದವರಿಗೆ ಒಂದು ದಿನವೂ ಇಲ್ಲ ಎನ್ನದ ಮನುಷ್ಯ” ಎಂದರು. ಎಲ್ಲರೂ ಕಣ್ಣೊರೆಸಿಕೊಂಡರು. ಮೊದಲ ಬೆಂಚಿನಲ್ಲಿ ಕೂತಿದ್ದ ನಾನೂ, ಬಾಗಿಲ ಬಳಿ ಛತ್ರಿ ಹಿಡಿದು ನಿಂತಿದ್ದ ಕಾರ್ಯದರ್ಶಿಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಮಾತು ನಿಜ. ಅಪ್ಪ ಇಲ್ಲ ಎನ್ನಲಿಲ್ಲ. ಎಂದವಳು ನಾನು.

ಅದು ನಡೆದದ್ದು ಅಪ್ಪ ಹೋಗುವುದಕ್ಕೆ ಹನ್ನೊಂದು ದಿನ ಮುಂಚೆ, ಒಂದು ಶನಿವಾರ ಮಧ್ಯಾಹ್ನ.

ಹಲಸೂರು ಕೆರೆಯ ಆಚೆ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಒಬ್ಬ ಮುದುಕಿಯಿದ್ದಳು. ಆಂಗ್ಲೋ ಇಂಡಿಯನ್ನರ ಮನೆಯಲ್ಲಿ ಆಯಾ ಆಗಿ ಮೂರು ಮಕ್ಕಳನ್ನು ಸಾಕಿದವಳು. ಆ ಮನೆಯವರು ಆಸ್ಟ್ರೇಲಿಯಾಕ್ಕೆ ಹೋಗುವಾಗ ಕರೆಸಿಕೊಳ್ಳುತ್ತೇವೆ ಎಂದಿದ್ದರಂತೆ. ಕರೆಸಿಕೊಳ್ಳಲಿಲ್ಲ. ಸಂಘ ಸೇರಿದಾಗಿನಿಂದ ಅಪ್ಪ ಪ್ರತಿ ವಾರ ಅವಳಿಗೆ ಬನ್ನು, ಟೀಪುಡಿ ಒಯ್ಯುತ್ತಿದ್ದರು. ಅಪ್ಪ ಮಂಚ ಹಿಡಿದ ಮೇಲೆ ನಾನೇ ಶಾಲೆಯಿಂದ ಬರುವಾಗ ಕೊಟ್ಟು ಬರುತ್ತಿದ್ದೆ. ಅವಳು ಬನ್ನಿಗಿಂತ ಮೊದಲು ನನ್ನ ಅಂಗೈ ಹಿಡಿದು ನೋಡಿ, “ಕೈ ಎಲ್ಲಾ ಒಡೆದೋಗಿದೆ ಮಗಾ, ಎಣ್ಣೆ ಹಚ್ಕೋ” ಎನ್ನುತ್ತಿದ್ದಳು. ಆ ವರ್ಷಗಳಲ್ಲಿ ನನ್ನ ಕೈ ನೋಡಿದವರು ಅವಳೊಬ್ಬಳೇ.

ಆ ಶನಿವಾರ ಕಾರ್ಯದರ್ಶಿ ಬಂದು ಹೊಸ್ತಿಲಾಚೆಯೇ ನಿಂತರು. “ನಾನು ಬರಬಾರ್ದಿತ್ತು ಸಾರ್” ಎಂದರು. 

“ಯಾರು?” ಎಂದರು ಅಪ್ಪ. ಅವರಿಗೆ ಗೊತ್ತಾಗಿಹೋಗಿತ್ತು.

“ಆಯಾಮ್ಮ. ಬೆಳಗ್ಗೆ ಆಸ್ಪತ್ರೆಲಿ. ಇಲ್ಲೇ ಮಣ್ಣು ಮಾಡಿ, ದೂರ ಒಯ್ಯಬೇಡಿ ಅಂತ ಕೇಳ್ಕೊಂಡಿದ್ಲು ಸಾರ್. ಎರಡು ಕಡೆ ಕೇಳ್ದೆ. ರಿಜಿಸ್ಟರ್‌ನಲ್ಲಿ ಏಳು ವರ್ಷ ತುಂಬಿರೋದು…” ಎಂದವರು ಅಲ್ಲಿಗೇ ನಿಲ್ಲಿಸಿ ಛತ್ರಿಯ ಹಿಡಿ ನೋಡಿಕೊಂಡರು.

ಅಪ್ಪ ನನ್ನ ಕಡೆ ತಿರುಗಿದರು. ಮಾತು ಕೊಟ್ಟಿದ್ದರಲ್ಲ, ಅದಕ್ಕೆ. “ಒಂದು ನಿಮಿಷ ಹೊರಗಿರಪ್ಪ” ಎಂದು ಕಾರ್ಯದರ್ಶಿಗೆ ಹೇಳಿ, ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ತಣ್ಣಗಿತ್ತು, ಹಿಡಿತ ಮಾತ್ರ ಇಕ್ಕಳ. “ನೀನೇ ಹೇಳು” ಎಂದರು.

ಹೂಂ ಎಂದರೆ ಮತ್ತೆ ಏಳು ವರ್ಷ. ಅಪ್ಪನಿಗೆ ಉಳಿದದ್ದು ಕೆಲವು ದಿನ ಎಂದು ಡಾಕ್ಟರು ಹೇಳಿಯಾಗಿತ್ತು. ಆಯಾಮ್ಮನ ಒಣಗಿದ ಬೆರಳು ನನ್ನ ಅಂಗೈ ಮೇಲೆ ಇನ್ನೂ ಇದ್ದ ಹಾಗಿತ್ತು. ಅಮ್ಮನಿಗೆ ಅವಳಿಂದ ಸಂಕೋಚವೂ ಆಗುತ್ತಿರಲಿಲ್ಲ, ಜೊತೆಯೇ ಆಗುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

“ಬೇಡ” ಎಂದೆ.

ಇನ್ನೇನು ಅಪ್ಪ ಬೇಜಾರು ಮಾಡಿಕೊಳ್ಳುತ್ತಾರೆ, ಪಾಪ ಮುದುಕಿ ಎನ್ನುತ್ತಾರೆ, ನಾನು ಹೂಂ ಎನ್ನುವವರೆಗೆ ಆ ಕಣ್ಣುಗಳಿಂದ ನೋಡುತ್ತಾರೆ ಎಂದು ಕಾದೆ. ಅಪ್ಪನ ಹಿಡಿತ ಸಡಿಲವಾಯಿತು. ತಲೆ ದಿಂಬಿಗೆ ಬಿತ್ತು. ಕಣ್ಣು ಮುಚ್ಚಿಕೊಂಡು ಒಂದು ದೀರ್ಘ ಉಸಿರು ಬಿಟ್ಟರು. ಎಷ್ಟು ವರ್ಷದ ಮೇಲೆ ಅವರಿಗೆ ಅಂಥ ಉಸಿರು ಬಂದಿತ್ತೋ. ಅವರ ಮುಖದಲ್ಲಿದ್ದದ್ದು ಬೇಜಾರಲ್ಲ, ನಿರಾಳ. ನೋಡಿ ನನಗೆ ಭಯವಾಯಿತು.

“ಬೆಂಕಿ ಒಳಗಿರೋನಿಗೆ ಸಾಕು ಅಂತ ಗೊತ್ತಾಗಲ್ಲ ಕಣಮ್ಮ” ಎಂದರು, ತಡೆದು ತಡೆದು. “ಆಚೆಯಿಂದ ಯಾರಾದ್ರೂ ಕೂಗಿ ಕರೀಬೇಕು. ಠಾಣೇಲಿ ಕರೀತಿದ್ರು. ಮನೇಲಿ ನನ್ನ ಯಾರೂ ಕರೀಲೇ ಇಲ್ಲ.”

ಇಷ್ಟು ವರ್ಷ ಅದೇ ಮನೆಯಲ್ಲಿ ಇದ್ದವಳು ನಾನೊಬ್ಬಳೇ.

“ಹೋಗು” ಎಂದರು. “ಅವನಿಗೆ ಬೇಗ ಹೇಳ್ಬಿಡು. ನನ್ನ ಮನಸ್ಸು ಬದಲಾಗೋದ್ರೊಳಗೆ.”

ಹೋಗಿ ಹೇಳಿದೆ. ಕಾರ್ಯದರ್ಶಿ ತಲೆಯಾಡಿಸಿ, ಛತ್ರಿ ಬಿಚ್ಚಿಕೊಂಡು ಗಲ್ಲಿಯಲ್ಲಿ ನಡೆದರು. ಆಯಾಮ್ಮನನ್ನು ಮಾರನೆಯ ದಿನ ಕೆ.ಆರ್. ಪುರಂ ದಾಟಿ ಎಲ್ಲೋ ಮಣ್ಣು ಮಾಡಿದರಂತೆ. ಎಲ್ಲಿ ಎಂದು ಅಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ.